ಕಂಬಳಿ ಹಾಸಲು ಒಂದು ಜಾಗ

“ಎತ್ತೋ! ಎತ್ತು ನಿನ್ನ ಹೊಲಸು ಕಂಬಳಿ! ಯಾರ ಮನಿ ಅಂಗಳ ಅಂತ ತಿಳ್ದೀಯೋ ಭಾಡ್ಯಾ? ಈಗಷ್ಟೇ ಸಾರ್ಸಿ ರಂಗೋಲಿ ಹಾಕಿ ಒಳಗ ಹೋಗೀನಿ, ಅದರ ಮ್ಯಾಲೇ ಕುರಿ ನಾತ ಹಾಸಾಕತ್ಯಾನ! ಏಳಂದ್ರ ಏಳಬೇಕು!”

ಅಪ್ಪ ಏಳಲಿಲ್ಲ. ಹಠ ಹಿಡಿದು ಕೂತಿದ್ದನೆಂದಲ್ಲ, ಅವನಿಗೆ ತಿಳಿಯಲೇ ಇಲ್ಲ. ಕಂಬಳಿಯ ಒಂದು ಚುಂಗು ಕೈಯಲ್ಲಿ ಹಿಡಿದು, ಆ ಹೆಂಗಸಿನ ಮುಖ ನೋಡುತ್ತ, ಇದ್ದ ಹಲ್ಲೆಲ್ಲ ತೋರಿಸಿ ನಗುತ್ತಿದ್ದ. ಆಕೆ ಒಳಗೆ ಹೋಗಿ ಮೊರದಲ್ಲಿ ಜೋಳ ತರುತ್ತಾಳೆಂದು ಕಾಯುತ್ತಿದ್ದ. ನಿಮಗೆ ನಗು ಬಂದರೆ ನಕ್ಕುಬಿಡಿ. ನನಗೆ ಆವತ್ತೂ ಬರಲಿಲ್ಲ, ಇವತ್ತೂ ಬರುವುದಿಲ್ಲ.

ನಾವು ಕುರುಬರು. ಜಹೀರಾಬಾದಿನಿಂದ ಪಸ್ತಾಪುರದ ಕಡೆಗೆ ಹೋಗುವ ಬಂಡಿ ದಾರಿಯಲ್ಲಿ ನಮ್ಮ ಹಳ್ಳಿ. ಸುತ್ತ ಕೆಂಪು ಮಣ್ಣು, ಗೊಬ್ಬರ ಬೀಳದಿದ್ದರೆ ಏನೂ ಕೊಡದ ಮಣ್ಣು. ಅದಕ್ಕೇ ಸುಗ್ಗಿ ಮುಗಿದ ಮೇಲೆ ಹೊಲದವರು ತಾವಾಗಿಯೇ ಬಂದು ನಮ್ಮನ್ನು ಕರೆಯುತ್ತಾರೆ. ಅವರ ಹೊಲದಲ್ಲಿ ನಾವು ಮಂದೆ ತರುಬಬೇಕು, ಅಂದರೆ ರಾತ್ರಿ ಕುರಿಗಳನ್ನು ಅಲ್ಲೇ ಮಲಗಿಸಬೇಕು. ಕುರಿ ಮಲಗಿದಲ್ಲಿ ಹಿಕ್ಕೆ ಬೀಳುತ್ತದೆ, ಗಂಜಲ ಇಳಿಯುತ್ತದೆ, ಮುಂದಿನ ಸಲ ಜೋಳ ಆಳೆತ್ತರ ಬರುತ್ತದೆ. ಕುರುಬ ಹೊಲಕ್ಕೆ ಬಂದು ಕಂಬಳಿ ಹಾಸಿದನೆಂದರೆ ಮಾತು ಮುಗಿಯಿತು. ಹೊಲದವ ಮೊರದಲ್ಲಿ ಕಾಳು ತಂದು ಕಂಬಳಿಯ ತುದಿಗೆ ಸುರಿಯುತ್ತಾನೆ. ಹಾಸಿದ ಕಂಬಳಿಯಿಂದ ಏಳು ಎನ್ನುವ ಪದ್ಧತಿ ನಮ್ಮ ಸೀಮೆಯಲ್ಲಿಲ್ಲ. ಅಪ್ಪ, ಅವನ ಹೆಸರು ಶಿವರಾಯ, ಹುಟ್ಟಿದಾಗಿನಿಂದ ಹಾಗೇ ಮಲಗಿದವನು. ಮಲಗಲು ಜಾಗ ಕೊಡಿ ಎಂದು ಯಾರನ್ನೂ ಕೇಳಿ ಅಭ್ಯಾಸವಿರಲಿಲ್ಲ.

ಈ ಅಂಗಳವಾದರೋ ಹೈದರಾಬಾದಿನದು. ಬೈಯುತ್ತಿದ್ದಾಕೆ ಮಥುರಾಬಾಯಿ, ನಮ್ಮ ಹಳ್ಳಿಯ ಚಂದ್ರಶೇಖರರಾಯರ ಹೆಂಡತಿ. ರಾಯರಿಗೆ ಸರಕಾರಿ ಕಚೇರಿಯಲ್ಲಿ ನೌಕರಿ, ಊರಲ್ಲಿ ಹೊಲ. ಆ ಹೊಲದಲ್ಲಿ ನಮ್ಮ ಅಜ್ಜನ ಕಾಲದಿಂದ ಮಂದೆ ತರುಬಿದ್ದೇವೆ. ಹೋದ ಬೇಸಿಗೆಯಲ್ಲೂ ರಾಯರು ಬಂದು, ಹೊಲದ ಬದುವಿನ ಮೇಲೆ ಧೋತರ ಎತ್ತಿಕೊಂಡು ನಿಂತು, “ಶಿವರಾಯ, ಇನ್ನೊಂದೆರಡು ದಿನ ಇರಪ್ಪಾ, ನಿನಗ ಕೈ ಮುಗೀತೀನಿ. ಈ ಹೊಲ ನಂದಲ್ಲ, ನಿಂದೇ ತಿಳಿ,” ಎಂದಿದ್ದರು. ಅಪ್ಪ ಅದನ್ನು ನಂಬಿದ. ಹೊಲ ನನ್ನದಾದರೆ ಅಂಗಳವೂ ನನ್ನದೇ ಎಂದು ತಿಳಿದ.

“ಅಪ್ಪಾ, ಏಳು,” ಎಂದು ನಾನೇ ರಟ್ಟೆ ಹಿಡಿದು ಎಬ್ಬಿಸಿದೆ. ನನ್ನ ತಮ್ಮ ಧರ್ಮಣ್ಣ ಕಂಬಳಿ ಸುತ್ತಿಕೊಂಡ. ಅದರ ಕೆಳಗೆ ರಂಗೋಲಿಯ ಅರ್ಧ ಅಳಿಸಿಹೋಗಿತ್ತು. ಧರ್ಮ ಅದನ್ನೇ ನೋಡುತ್ತ ಕಿವಿಯವರೆಗೆ ಕೆಂಪಾದ.

ಅವನಿಗಾಗಿಯೇ ನಾವು ಬಂದದ್ದು. ಧರ್ಮ ಜಹೀರಾಬಾದಿನ ಶಾಲೆಯಲ್ಲಿ ಮಿಡಲ್ ಪಾಸಾಗಿದ್ದ. ಮರಿ ಮೇಯಿಸುತ್ತ, ಕೋಲಿನಿಂದ ಮಣ್ಣಿನ ಮೇಲೆ ಉರ್ದು ಬರೆಯುತ್ತ ಕಲಿತ ಹುಡುಗ. ಅಲ್ಲಿಯ ಮಾಸ್ತರ ಸಾಹೇಬರೇ ಹೈದರಾಬಾದಿನ ಒಂದು ಶಾಲೆಯವರಿಗೆ ಹೇಳಿ ಫೀ ಮಾಫ್ ಮಾಡಿಸಿದ್ದರು. ಆದರೆ ಶಾಲೆಯವರದು ಒಂದೇ ಮಾತು: ಹುಡುಗ ಇರುವುದೆಲ್ಲಿ, ಅವನ ಹಿರಿಯರೆಂದು ಊರಲ್ಲಿ ಯಾರು? ಶನಿವಾರದೊಳಗೆ ಹೇಳದಿದ್ದರೆ ಜಾಗ ಬೇರೆಯವರಿಗೆ.

ಊರಲ್ಲಿ ದೊರೆ ಬೇರೆ ಕಾಯುತ್ತಿದ್ದ. ನಮ್ಮ ಹಳ್ಳಿಯ ದೇಶಮುಖನನ್ನು ನಾವು ದೊರೆ ಅನ್ನುತ್ತೇವೆ. ಅವನ ಗಡಿಯಲ್ಲಿ, ಅಂದರೆ ಆ ಕೋಟೆಯಂಥ ಮನೆಯಲ್ಲಿ, ಮನೆಗೊಬ್ಬರಂತೆ ಬಿಟ್ಟಿ ದುಡಿಯಬೇಕು. ಧರ್ಮನನ್ನು ಓದಲು ಕಳಿಸುತ್ತೇನೆ ಎಂದು ಅಪ್ಪ ಅಪ್ಪಣೆ ಕೇಳಲು ಹೋದಾಗ ದೊರೆ ಎಲೆ ಅಡಿಕೆ ಉಗುಳಿ, “ಹೋಗ್ಲಿ ಬಿಡು. ಹೈದರಾಬಾದ್ ನುಂಗದಿದ್ರ ವಾಪಸ್ ಬರ್ತಾನ. ಬಂದ ದಿನದಿಂದ ನನ್ನ ಕೊಟ್ಟಿಗಿಯಾಗ ಸಗಣಿ ಬಾಚಬೇಕು, ಸಾಯೋ ತನಕ. ಕಬೂಲ್ ಏನು?” ಎಂದಿದ್ದ. ಅಪ್ಪ ಕಬೂಲ್ ಅಂದುಬಿಟ್ಟ. ನನ್ನ ಮಗ ಯಾಕೆ ವಾಪಸ್ ಬಂದಾನು ಎಂಬ ಧೈರ್ಯ ಅವನಿಗೆ.

ನಾನು ಯಾಕೆ ಹೋದೆನೆಂದರೆ, ಅಪ್ಪನಿಗೆ ಕನ್ನಡ ಬಿಟ್ಟರೆ ಕುರಿಯ ಭಾಷೆಯೊಂದೇ ಗೊತ್ತು. ನಾನು ಗಂಡ ಸತ್ತು ತವರಿಗೆ ಬಂದವಳು, ಜಹೀರಾಬಾದಿನ ಸಂತೆಯಲ್ಲಿ ಕಂಬಳಿ ಮಾರುವವಳು. ಮುಸಲರ ಭಾಷೆ, ತೆಲುಗು, ಎರಡರಲ್ಲೂ ಜಗಳವಾಡಬಲ್ಲೆ. ಮಂದೆಯನ್ನು ಕಾಕಾ ಬೀರಣ್ಣನ ಕೈಗೆ ಒಪ್ಪಿಸಿ, ಜೋಳದ ಹಿಟ್ಟಿನ ಗಂಟು ಕಟ್ಟಿಕೊಂಡು, ವಿಕಾರಾಬಾದಿನಲ್ಲಿ ರೈಲು ಬದಲಿಸಿ, ನಾಂಪಲ್ಲಿಯಲ್ಲಿ ಇಳಿದು ಬಂದಿದ್ದೆವು.

ರಾಯರು ಹೊರಗೆ ಬಂದರು. ಬಾಗಿಲ ಹೊಸ್ತಿಲು ದಾಟಲಿಲ್ಲ. ಊರಲ್ಲಿ ಕಾಣುತ್ತಿದ್ದ ನಗುವೇ ಇತ್ತು, ಆದರೆ ಅದು ಬಹಳ ದೂರದಲ್ಲಿತ್ತು.

“ಏನ್ ಶಿವರಾಯ, ಇಷ್ಟು ದೂರ?”

“ಧರ್ಮನ್ನ ನಿಮ್ಮಲ್ಲಿ ಬಿಡಾಕ ಬಂದೀನ್ರಿ,” ಎಂದ ಅಪ್ಪ. ಬೇಡುವ ದನಿಯಲ್ಲಲ್ಲ, ಕಾಳು ಅಳೆಯಿರಿ ಎನ್ನುವ ದನಿಯಲ್ಲಿ.

“ಇಲ್ಲಿ? ಇಲ್ಲಿ ಹ್ಯಾಂಗಾಗ್ತದ? ಮಡಿ ಮೈಲಿಗಿ ಮನಿ. ಊರೊಳಗ ಒಂದೊಂದು ಜಾತಿಯೋರು ಒಂದೊಂದು ಬೋರ್ಡಿಂಗ್ ಕಟ್ಸ್ಯಾರ. ಹುಡುಗರಿಗೆ ಊಟ ವಸತಿ ಎಲ್ಲಾ ಅದ. ಹೋಗಿ ಕೇಳ್ರಿ,” ಎಂದು ದಾರಿ ಹೇಳಿ, ನಿಂತಲ್ಲಿಂದಲೇ ಗೇಟಿನ ಕಡೆ ಕೈ ತೋರಿಸಿದರು. ಹಿಟ್ಟಿನ ಗಂಟು ಮಾತ್ರ ಗೇಟಿನ ಹತ್ತಿರ ಇಟ್ಟು ಹೋಗಲು ಒಪ್ಪಿದರು. ಅಪ್ಪ ಅದಕ್ಕೇ ಹಿಗ್ಗಿದ. “ನೋಡಿದ್ಯಾ ಭೀಮವ್ವಾ, ಮನುಷ್ಯ ಭಾಳ ಚಲೋ. ಆಕಿ ಬಾಯಿನೇ ಖರಾಬ,” ಎಂದ.

ಹೈದರಾಬಾದೆಂದರೆ ಊರಲ್ಲ, ಊರುಗಳ ಸಂತೆ. ಅರಬರು, ಮಾರವಾಡಿಗಳು, ಕಾಯಸ್ಥರು, ತೆಲುಗರು, ಮರಾಠಿಯವರು, ಎಲ್ಲರಿಗೂ ಅಲ್ಲಿ ಅವರವರ ಗಲ್ಲಿ, ಅವರವರ ಗುಡಿ, ಮಸೀದಿ. ಇಷ್ಟು ಜನಕ್ಕೆ ಜಾಗ ಆಗಿದೆ, ಒಬ್ಬ ಹುಡುಗನಿಗೆ ಆಗುವುದಿಲ್ಲವೇ ಎಂದು ನಾನೂ ಅಂದುಕೊಂಡೆ. ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮುಂದೆ, ಧರ್ಮ ಹಿಂದೆ, ನಾನು ಕೇಳುವವಳು.

ಮೊದಲ ಬೋರ್ಡಿಂಗಿನ ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿದ. “ಯಾವ ಪೈಕಿ?”

“ಕುರುಬರ್ರೀ.”

“ಇದು ನಮ್ಮೋರಿಗೆ ಕಟ್ಸಿದ್ದು. ನಿಮ್ಮೋರದು ಎಲ್ಲದ?”

“ಇನ್ನೂ ಕಟ್ಟಿಲ್ರಿ.”

“ಕಟ್ಟಿದ ಮ್ಯಾಲ ಬಾ,” ಎಂದ. ಪಕ್ಕದಲ್ಲಿ ಕೂತವನಿಗೆ ನಗು ತಡೆಯಲಾಗಲಿಲ್ಲ. ಸೂಳೆಮಕ್ಕಳು, ಇಬ್ಬರೂ ಸೇರಿ ನಕ್ಕರು.

ಎರಡನೆಯದು ಒಂದು ಮಠದ್ದು. ಅಲ್ಲಿಯ ಅಯ್ಯ ಶಾಂತ ಮನುಷ್ಯ, ಬೈಯಲಿಲ್ಲ. ಧರ್ಮನನ್ನು ಹತ್ತಿರ ಕರೆದು, ಅಂಗಿಯ ಗುಂಡಿ ಬಿಚ್ಚಿಸಿ, ಎದೆಯ ಮೇಲೆ ಲಿಂಗ ಇದೆಯೋ ಎಂದು ಬೆರಳಿನಿಂದಲೇ ಹುಡುಕಿದ. ಇರಲಿಲ್ಲ. ಆಮೇಲೆ ಆ ಬೆರಳನ್ನು ತಂಬಿಗೆಯ ನೀರಲ್ಲಿ ತೊಳೆದುಕೊಂಡ. ಧರ್ಮ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ಹೊರಗೆ ಬಂದ. ಬೀದಿಯಲ್ಲಿ ನಾನೇ ಹಾಕಿದೆ. ಅಷ್ಟು ದೊಡ್ಡ ಹುಡುಗ, ಕೂಸಿನ ಹಾಗೆ ನಿಂತು ಹಾಕಿಸಿಕೊಂಡ.

ಖೋಲಿ ಬಾಡಿಗೆಗೆ ಕೊಡುವ ಒಂದು ವಾಡೆಯಲ್ಲಿ ತೆಲುಗು ಮುದುಕಿ ಬಾಗಿಲು ಪೂರ್ತಿ ತೆಗೆಯಲೇ ಇಲ್ಲ. ಸಂದಿಯಿಂದ ಮೂಸಿದಳು. “ಮಾಂಸ ತಿಂತಾರಾ?” ಅಂದಳು. ತಿನ್ನುವುದಿಲ್ಲ ಎಂದು ಸುಳ್ಳು ಹೇಳಿದೆ. “ತಿನ್ನದಿದ್ರೂ ನಾತ ಹೊಡೀತದ,” ಎಂದು ಬಾಗಿಲು ಹಾಕಿದಳು.

ಸಂಜೆಯಾಗುತ್ತ ಬಂತು. ಒಂದು ಗೋಡೆಯ ಬದಿಗೆ ಅಪ್ಪ ಮತ್ತೆ ಕಂಬಳಿ ಹಾಸಿದ. ಏಳೆನ್ನಲು ಯಾರಾದರೂ ಬರುತ್ತಾರೆಂದು ನಾನು ಕಾದೆ. ಬಂದರು. ಬಿಳಿ ಗಡ್ಡ, ತಲೆಗೆ ಟೋಪಿ, ಕೈಯಲ್ಲಿ ಬೀಗದ ಕೈಗೊಂಚಲು. ಆದರೆ ಏಳೆನ್ನಲಿಲ್ಲ. ಬಗ್ಗಿ ಕಂಬಳಿಯ ಅಂಚು ಮುಟ್ಟಿ ನೋಡಿದರು.

“ಜಹೀರಾಬಾದ್ ಕಾ ಮಾಲ್! ಧನಗರ್ ಹೋ ಕ್ಯಾ ಬಾಬಾ?”

ಚರ್ಮದ ಮಂಡಿಯ ಸಾಹೇಬರು ಅವರು, ಕುರುಬರಿಗೆ ಧನಗರ್ ಅನ್ನುತ್ತಿದ್ದರು. ಜಹೀರಾಬಾದು, ನಾರಾಯಣಖೇಡು, ತಾಂಡೂರು, ನಮ್ಮ ಕಡೆಯ ಸಂತೆಗಳನ್ನೆಲ್ಲ ತಿರುಗಿ ಚರ್ಮ ಕೊಳ್ಳುವವರು, ನಮ್ಮ ಕನ್ನಡವೂ ಹರಕುಮುರುಕು ಬರುತ್ತಿತ್ತು. ನಾನು ಎಲ್ಲ ಹೇಳಿದೆ. ಅವರು ಯಾವ ಪೈಕಿ ಎಂದು ಕೇಳಲಿಲ್ಲ. ಹುಡುಗ ಏನು ಓದುತ್ತಾನೆ ಎಂದು ಕೇಳಿದರು. ಧರ್ಮ ಉರ್ದುವಿನಲ್ಲಿ ಹೇಳಿದ. “ಶಾಬಾಸ್” ಎಂದು ಅವನ ಬೆನ್ನು ತಟ್ಟಿ, “ಚಲೋ, ಜಾಗಾ ಅದ ನನ್ ಕಡಿ,” ಎಂದು ಕರೆದುಕೊಂಡು ಹೋದರು.

ಗೋದಾಮಿನ ಮೇಲೆ ಒಂದು ಅಟ್ಟ. ಗುಡಿಸಿ ಚೊಕ್ಕ ಇಟ್ಟಿದ್ದರು. ಬೀದಿಗೆ ತೆರೆಯುವ ಕಿಟಕಿ, ಗೂಟಕ್ಕೆ ಕಂದೀಲು. “ಯಾರೂ ಕಾಡಂಗಿಲ್ಲ. ಓದು, ಮಲಕ್ಕೋ. ಬಾಡಿಗಿ ಗೀಡಿಗಿ ಏನ್ ಬ್ಯಾಡ, ಮನುಷ್ಯ ಒಬ್ಬ ಇದ್ರ ನನಗೂ ಧೈರ್ಯ,” ಎಂದರು. ಧರ್ಮ ಕಿಟಕಿಯ ಹತ್ತಿರ ಹೋಗಿ ನಿಂತ. ಪುಸ್ತಕ ಎಲ್ಲಿಡುವುದು, ಕಂದೀಲು ಎಲ್ಲಿ ತೂಗಿಸುವುದು, ಆಗಲೇ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಆವತ್ತು ಬೆಳಗಿನಿಂದ ಮೊದಲ ಸಲ ಅವನ ಮುಖ ಅರಳಿದ್ದು ನೋಡಿದೆ.

ಕೆಳಗಿಂದ ಅಪ್ಪನ ದನಿ ಬಂತು. ಕುರಿ ಸತ್ತಾಗ ಅವನು ಕೂಗುವ ದನಿ ಅದು.

ಕೆಳಗೆ ಗೋಡೆಯುದ್ದಕ್ಕೂ ಉಪ್ಪು ಹಾಕಿದ ಕುರಿ ಚರ್ಮ ಒಟ್ಟಿದ್ದರು. ಅಪ್ಪ ಅದರಲ್ಲೊಂದನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಕಪ್ಪು ಚರ್ಮ, ಬೆನ್ನಿನ ಮೇಲೆ ಅಂಗೈಯಗಲದ ಬಿಳಿ ಮಚ್ಚೆ. “ಚಂದ್ರಿ,” ಎಂದ. “ದೊರೀ ಮಗಳ ಮದಿವ್ಯಾಗ ಹಿಡ್ಕೊಂಡ್ ಹೋದ್ರಲ್ಲ, ನಮ್ಮ ಚಂದ್ರಿ. ಇಲ್ನೋಡು.”

ಅದು ಚಂದ್ರಿಯೋ ಅಲ್ಲವೋ ಯಾರಿಗೆ ಗೊತ್ತು. ಬಿಳಿ ಮಚ್ಚೆಯ ಕರಿ ಕುರಿ ಈ ಮುಲುಕಿನಲ್ಲಿ ಅದೊಂದೇ ಇತ್ತೇ? ಅದನ್ನೇ ಹೇಳಿದೆ. ಅಪ್ಪ ಕೇಳಿಸಿಕೊಳ್ಳಲಿಲ್ಲ.

“ಇವೆಲ್ಲ ನಾವು ಕಾಯ್ದ ಜೀವ ಅದಾವ. ಹೆಣದ ಮ್ಯಾಲ ನನ್ನ ಮಗ ಮಲಗಂಗಿಲ್ಲ.”

“ಹುಚ್ಚಾ, ಅಂವ ಮಲಗೋದು ಅಟ್ಟದ ಮ್ಯಾಲ! ಧರ್ಮ ಇರ್ತೀನಂತಾನ, ಕೇಳು ಅವನ್ನ!”

ಅಪ್ಪ ಧರ್ಮನ ಕಡೆ ನೋಡಿದ. ಅಪ್ಪನ ಕಣ್ಣಲ್ಲಿ ನೀರು ತುಂಬಿ ನಿಂತಿತ್ತು. ಧರ್ಮ ಮೇಲೆ ಅಟ್ಟದ ಕಡೆ ಒಮ್ಮೆ ನೋಡಿ, “ಬ್ಯಾಡ ಬಿಡಕ್ಕಾ,” ಎಂದ. ಸಾಹೇಬರು ಅಪ್ಪನ ತೊಡೆಯಿಂದ ಚರ್ಮ ಎತ್ತಿ, ಮಡಿಸಿ, ನಾವು ನೋಡದ ಕಡೆ ಇಟ್ಟರು. “ಯಾವಾಗ್ ಬೇಕಾದ್ರೂ ಬಾ ಬೇಟಾ,” ಎಂದರು.

ಹಿಟ್ಟಿನ ಗಂಟು ತರಲು ರಾಯರ ಗೇಟಿಗೆ ವಾಪಸ್ ಹೋದೆವು. ರಾಯರು ತಾವೇ ಹೊರಗೆ ಬಂದರು, ಈ ಸಲ ಹೊಸ್ತಿಲು ದಾಟಿ. ಮನೆಯ ಎಮ್ಮೆ ನೋಡಿಕೊಳ್ಳುತ್ತಿದ್ದವನು ಆವತ್ತು ಮಧ್ಯಾಹ್ನ ಓಡಿಹೋಗಿದ್ದನಂತೆ.

“ಶಿವರಾಯ, ವಿಚಾರ ಮಾಡ್ದೆ. ನಮ್ಮೂರ ಹುಡುಗ, ಬೀದ್ಯಾಗ ಬಿಡಾಕಾಗ್ತದೇನು? ಹಿತ್ತಲ ಮೆಟ್ಲ ಕೆಳಗ ಜಾಗ ಅದ. ಇರ್ಲಿ. ಮುಂಜಾನೆ ಎಮ್ಮಿ ಹಿಂಡಿ, ನಾಕು ಕೊಡ ನೀರು ತಂದು ಸಾಲಿಗೆ ಹೋಗ್ಲಿ. ಸಾಲ್ಯಾಗ ನನ್ನ ಹೆಸರು ಹೇಳ್ಲಿ.”

ಅಪ್ಪ ರಾಯರ ಕಾಲಿಗೆ ಬಿದ್ದ. ಬಿದ್ದವನು ಎದ್ದು ನನ್ನ ಕಡೆ ತಿರುಗಿ, “ನಾ ಹೇಳಿಲ್ಲೇನು?” ಎಂದ. ಆ ಕಂಬಳಿಯನ್ನೇ ತನ್ನ ಹೆಗಲಿನಿಂದ ತೆಗೆದು ಮೆಟ್ಟಿಲ ಕೆಳಗೆ ತಾನೇ ಹಾಸಿ, ಅಂಗೈಯಿಂದ ನಾಲ್ಕೂ ಕಡೆ ಸವರಿ, ಧರ್ಮನನ್ನು ಅದರ ಮೇಲೆ ಕೂರಿಸಿ ನೋಡಿದ. ಧರ್ಮ ತಲೆ ಬಗ್ಗಿಸಿಯೇ ಕೂರಬೇಕಾಯಿತು, ಮೆಟ್ಟಿಲು ಅಷ್ಟು ತಗ್ಗಿತ್ತು. ಶನಿವಾರ ಶಾಲೆಯವರು ರಾಯರ ಹೆಸರು ಕೇಳಿ ಸೇರಿಸಿಕೊಂಡರು. ನಾವು ಊರಿಗೆ ಬಂದೆವು.

ಆ ಮಳೆಗಾಲವೆಲ್ಲ ಅಪ್ಪ ಕಂಡಕಂಡವರಿಗೆ ಅದನ್ನೇ ಹೇಳಿದ. ಹೊರದೇಶದಲ್ಲಿ ದೊಡ್ಡ ಲಡಾಯಿ ನಡೆದ ಕಾಲ, ಸರಕಾರ ಕಾಳು ಕಿತ್ತುಕೊಂಡು ಹೋಗುತ್ತಿತ್ತು, ಮನೆಯಲ್ಲಿ ಗಂಜಿಗೂ ತತ್ವಾರ. ಆದರೂ ಅಪ್ಪ ಕುಣಿಯುತ್ತಿದ್ದ. “ನನ್ನ ಮಗ ರಾಯರ ಮನ್ಯಾಗ ಇದ್ದಾನ,” ಎಂದು ಕುರಿಗಳಿಗೂ ಹೇಳಿದ.

ದೀಪಾವಳಿ ಕಳೆದ ಮೇಲೆ ನಾನೊಬ್ಬಳೇ ರೊಟ್ಟಿ, ಖಾರದ ಹಿಂಡಿ ಕಟ್ಟಿಕೊಂಡು ಹೋದೆ. ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಹೋಗಿ ಅಲ್ಲೇ ನಿಂತೆ, ತಮ್ಮ ಪುಸ್ತಕ ಹಿಡಿದು ಬರುವುದನ್ನು ನೋಡಬೇಕೆಂಬ ಆಸೆ. ಹುಡುಗರೆಲ್ಲ ಬಂದರು, ಅವನು ಬರಲಿಲ್ಲ. ಚಪರಾಸಿಯನ್ನು ಕೇಳಿದೆ. ಅವನು ಒಳಗೆ ಕೇಳಿಕೊಂಡು ಬಂದು ಹೇಳಿದ: “ಆ ಹುಡುಗನ ಹೆಸರು ಕಾಟ್ ದಿಯೆ, ತೆಗ್ದು ಹಾಕ್ಯಾರ. ಊರಿಗೆ ಓಡಿ ಹೋಗ್ಯಾನ ಅಂತ ಅವನ ಮನೀ ರಾಯರೇ ಬಂದು ಹೇಳಿ ಹೋದ್ರು.”

ನಾನು ರಾಯರ ಹಿತ್ತಲಿಗೆ ಹೇಗೆ ಹೋದೆನೋ ನೆನಪಿಲ್ಲ. ಧರ್ಮ ಅಲ್ಲಿದ್ದ. ಕೂತು ಹಿತ್ತಾಳೆ ಹಂಡೆ ತಿಕ್ಕುತ್ತಿದ್ದ. ಬೂದಿ ತಿಂದು ಬೆರಳ ಸಂದಿಯೆಲ್ಲ ಒಡೆದು ಕೆಂಪಾಗಿದ್ದವು. ನನ್ನನ್ನು ನೋಡಿ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

“ಸಾಲಿ?”

“ಮೊದ್ಲು ಹೋಗಾಕತ್ತಿದ್ದೆ ಅಕ್ಕಾ. ನೀರು ತರೋದ್ರಾಗ ಘಂಟಿ ಹೊಡೀತಿತ್ತು. ತಡಾ ಆತಂದ್ರ ಹೊರಗ ನಿಂದರ್ಸ್ತಿದ್ರು. ಆಮ್ಯಾಲ ಮಥುರಾಬಾಯಿ ಬಾಣಂತಿ ಆದ್ಲು, ಬಟ್ಟಿ ಒಗ್ಯಾಕ ಯಾರೂ ಇರ್ಲಿಲ್ಲ...”

“ಹೇಳಿ ಕಳಿಸಾಕ ಏನಾಗಿತ್ತೋ ನಿನಗ?”

“ಅಪ್ಪ ತಾನೇ ಆ ಕಂಬಳಿ ಹಾಸಿ ಹೋಗಿದ್ದ, ಹ್ಯಾಂಗ್ ಹೇಳ್ಲಿ,” ಎಂದ. ಅಷ್ಟೇ ಎಂದ.

ಮೆಟ್ಟಿಲ ಕೆಳಗೆ ನೋಡಿದೆ. ಗೋಣಿತಟ್ಟು ಇತ್ತು, ಕಂಬಳಿ ಇರಲಿಲ್ಲ. ಕಂಬಳಿ ಎಮ್ಮೆಯ ಮೈಮೇಲಿತ್ತು. ಚಳಿ ಬಿದ್ದಿತ್ತಲ್ಲ, ಎಮ್ಮೆಗೆ ಹೊದಿಸಿ ಹಗ್ಗದಿಂದ ಕಟ್ಟಿದ್ದರು. ಮೂಲೆಯಲ್ಲಿ ನಾನೇ ನೇಯ್ದ ಕೆಂಪು ಗೆರೆ ಸಗಣಿಯಲ್ಲಿ ಮುಚ್ಚಿಹೋಗಿತ್ತು.

ನಾನು ಹಗ್ಗ ಬಿಚ್ಚುತ್ತಿದ್ದಾಗ ಮಥುರಾಬಾಯಿ ಬಾಗಿಲಿಗೆ ಬಂದಳು. “ಏನ್ ನಡ್ಸೀಯೇ ರಂಡಿ? ಎಮ್ಮಿ ಥಂಡ್ಯಾಗ ಹಾಲು ಕೊಡಂಗಿಲ್ಲ!”

“ಏನವ್ವಾ ಬಾಯೀ, ನಿನ್ನ ಎಮ್ಮಿಗೆ ಕುರಿ ನಾತ ಬಡ್ಯಂಗಿಲ್ಲೇನು? ನಿನ್ನ ಅಂಗಳಕ್ಕಷ್ಟೇ ಬಡೀತದೇನು?”

ಗದ್ದಲಕ್ಕೆ ರಾಯರು ಬಂದರು. ನಾನು ಕೇಳಿದೆ, “ಊರಿಗೆ ಓಡಿ ಹೋಗ್ಯಾನ ಅಂತ ಸಾಲ್ಯಾಗ ಯಾಕ್ ಹೇಳಿದ್ರಿ?”

ರಾಯರು ಜನಿವಾರ ಸರಿಮಾಡಿಕೊಂಡರು. “ಹೆಸ್ರು ತಾನಾಗೇ ಹೋಗೂದಿತ್ತು, ನಾನು ಮರ್ಯಾದೀಲೆ ತೆಗ್ಸಿದೆ. ಓದು ಎಲ್ಲರ ಹಣ್ಯಾಗ ಬರ್ದಿರಂಗಿಲ್ಲವ್ವಾ. ಇಲ್ಲಿ ಉಂಡಾನ, ಮಲಗ್ಯಾನ. ಇನ್ನೇನು ಕಡಿಮಿ ಮಾಡೀನಿ ನಾನು?”

“ನಿನ್ನ ಹೊಲದಾಗ ಜಾಲಿ ಬೆಳೀಲೋ ಹಲ್ಕಟ್ಟಾ,” ಎಂದೆ. ಅಷ್ಟೇ ಬಾಯಿಗೆ ಬಂದದ್ದು. ಕಂಬಳಿ ಸುತ್ತಿ ತಲೆಯ ಮೇಲಿಟ್ಟುಕೊಂಡು, ತಮ್ಮನ ಕೈ ಹಿಡಿದು ಹೊರಬಿದ್ದೆ. ಆ ಒಡೆದ ಕೈ ಹಿಡಿದರೆ ನೋಯುತ್ತದೆಂದು ಮಣಿಕಟ್ಟು ಹಿಡಿದೆ.

ಚರ್ಮದ ಮಂಡಿಗೆ ಹೋದೆವು. ಬೀದಿಯಿಂದಲೇ ಅಟ್ಟದ ಕಿಟಕಿ ಕಂಡಿತು. ಒಳಗೆ ಕಂದೀಲು ಹಚ್ಚಿದ್ದರು, ಒಬ್ಬ ಹುಡುಗ ಪುಸ್ತಕದ ಮೇಲೆ ಬಗ್ಗಿ ಕೂತಿದ್ದ. ಸಾಹೇಬರು ನಮ್ಮನ್ನು ಗುರುತಿಸಿ, ಗಡ್ಡ ನೇವರಿಸಿಕೊಂಡರು. ಆ ಹುಡುಗ ಕೊಡಂಗಲ್ಲಿನವನಂತೆ, ಚೆನ್ನಾಗಿ ಓದುತ್ತಾನಂತೆ. “ನೀವು ಬರ್ತೀರಿ ಅಂತ ದಸರಾ ತನಕ ಖಾಲೀ ಇಟ್ಟಿದ್ದೆ ಮಾ,” ಎಂದರು. “ಕೆಳಗೆ ಮಲಕ್ಕೋ ಬೇಟಾ, ಹೆಂಗಾರ ಮಾಡೋಣ,” ಎಂದೂ ಅಂದರು. ಆದರೆ ಮಲಗಿ ಏನು ಮಾಡುವುದು? ಶಾಲೆಯಲ್ಲಿ ಹೆಸರೇ ಇಲ್ಲ. ಮಾಫ್ ಆದ ಫೀ ಇನ್ನೊಬ್ಬನಿಗೆ ಹೋಗಿತ್ತು. ಧರ್ಮ ಕಿಟಕಿಯನ್ನೇ ನೋಡುತ್ತ ನಿಂತಿದ್ದ. ಮೇಲಿದ್ದ ಹುಡುಗ ಹಾಳೆ ತಿರುವಿದ. ಧರ್ಮನ ತುಟಿ ಸುಮ್ಮನೆ ಅಲ್ಲಾಡಿತು, ಅವನೂ ಓದುತ್ತಿದ್ದಾನೋ ಅನ್ನುವ ಹಾಗೆ.

ಊರಿಗೆ ಬಂದ ದಿನವೇ ದೊರೆಯ ಆಳು ಬಂದು ಕರೆದುಕೊಂಡು ಹೋದ. ಗಡಿಯ ಅಂಗಳ ಗುಡಿಸುವ ಬಿಟ್ಟಿ ಆ ವಾರ ನನ್ನದಾಗಿತ್ತು, ಹಾಗಾಗಿ ಎಲ್ಲ ನೋಡಬೇಕಾಯಿತು. ದೊರೆ ಮಂಚದ ಮೇಲೆ ಕೂತು ಧರ್ಮನನ್ನು ಎಮ್ಮೆಯ ಮುಂದೆ ನಿಲ್ಲಿಸಿದ. ಒಂದು ಹಳೆಯ ಅಖಬಾರು, ಉರ್ದು ಪತ್ರಿಕೆ, ಅವನ ಕಡೆ ಎಸೆದ.

“ಓದೋ ಮುನ್ಶೀ. ಅದಕ್ಕ ಓದಿ ತೋರ್ಸು. ಹೈದರಾಬಾದಿನ್ಯಾಗ ಕಲ್ತು ಬಂದೀಯಲ್ಲ, ಕೇಳ್ಲಿ ಅದು.”

ಧರ್ಮ ಓದಿದ. ಒಂದಕ್ಷರ ತಪ್ಪದೆ ಓದಿದ. ಸುತ್ತ ಕೂತವರು ಬಿದ್ದು ಬಿದ್ದು ನಕ್ಕರು. ಎಮ್ಮೆ ಹಾಕಿದ ಸಗಣಿ ತೋರಿಸಿ ದೊರೆ, “ಮೆಚ್ಕೊಂಡದ ನೋಡು. ತಗೋ, ಬಾಚು,” ಎಂದ. ನನ್ನ ಕೈಯಲ್ಲಿ ಪೊರಕೆ ಇತ್ತು. ನಾನು ಗುಡಿಸುತ್ತಲೇ ಇದ್ದೆ. ಅಳುತ್ತಲೂ ಇದ್ದೆ.

ಅಪ್ಪ ಅವತ್ತಿನಿಂದ ಮಾತು ಬಿಟ್ಟ. ಎಮ್ಮೆಯ ಮೈಮೇಲಿಂದ ತಂದ ಕಂಬಳಿಯನ್ನು ಹಳ್ಳಕ್ಕೆ ಒಯ್ದು ತಾನೇ ತೊಳೆದ, ಮತ್ತೆ ಮತ್ತೆ ತೊಳೆದ. ನಾತ ಹೋಗಲಿಲ್ಲ. ಅದನ್ನೇ ಹೊದ್ದುಕೊಂಡು ತಿರುಗಿದ.

ಬೇಸಿಗೆ ಬಂತು, ಬೇಸಿಗೆಯ ಜೊತೆಗೆ ರಾಯರೂ ಬಂದರು. ಜಾಣ ಮನುಷ್ಯ. ಈ ಸಲ ನಮ್ಮ ಮನೆಗೆ ಬರದೆ ನೇರ ಗಡಿಗೆ ಹೋದರು. ದೊರೆಯ ಆಳು ಬಂದು, “ಇವತ್ತು ಕುರಿ ರಾಯರ ಹೊಲದಾಗ ತರುಬಬೇಕಂತ ದೊರೀ ಹುಕುಂ,” ಎಂದು ಹೇಳಿ ಹೋದ. ಕಾಕಾ ಬೀರಣ್ಣ ತಲೆ ಕೆರೆದುಕೊಂಡ. “ಹೋಗೂದೇ ಆತಲ್ಲ ಮತ್ತ. ದೊರೀ ಮಾತು ಮೀರಿ ಬದುಕಾಕ ಬರ್ತದೇನು?” ಎಂದ. ಅಪ್ಪ ಕೋಲು ತೆಗೆದುಕೊಂಡ.

ಹೊತ್ತು ಇಳಿಯುವಾಗ, ಅಪ್ಪ ಮುಂದೆ, ಕಾಕಾ ಮತ್ತು ನಾನು ಹಿಂದೆ, ಮಂದೆ ರಾಯರ ಹೊಲದ ದಾರಿ ಹಿಡಿಯಿತು. ಅಜ್ಜನ ಕಾಲದಿಂದ ತುಳಿದ ದಾರಿ, ಕುರಿಗಳಿಗೆ ಹೇಳಿಕೊಡಬೇಕಿರಲಿಲ್ಲ. ರಾಯರು ಬದುವಿನ ಮೇಲೆ ನಿಂತಿದ್ದರು, ಪಕ್ಕದಲ್ಲಿ ಮೊರ ತುಂಬ ಜೋಳ. “ಬಾ ಶಿವರಾಯ, ಬಾ. ಹೋದ ಸಲದಕಿಂತ ಹೆಚ್ಚು ತಂದೀನಿ ನೋಡು,” ಎಂದರು. ಆ ಹಳೆಯ ನಗು ಮತ್ತೆ ಹತ್ತಿರ ಬಂದಿತ್ತು.

ಮುಂದಿನ ಟಗರು ಹೊಲಕ್ಕೆ ಇಳಿಯಿತು. ಅಪ್ಪ ಓಡಿಹೋಗಿ ಅದರ ಕೊಂಬು ಹಿಡಿದು ಹೊರಗೆ ತಿರುಗಿಸಿದ. ಹಿಂದಿನವು ಗಲಿಬಿಲಿಗೊಂಡು ಒದರಿದವು. ಅಪ್ಪ ಸಿಳ್ಳು ಹಾಕಿ ಅಷ್ಟನ್ನೂ ಬದುವಿನಗುಂಟ ಮುಂದಕ್ಕೆ ಹೊಡೆದ. ಹೊಲ ಮುಗಿದಲ್ಲಿ ಹಾಸುಬಂಡೆ ಇದೆ. ಬರೀ ಕಲ್ಲು, ಒಂದು ಹುಲ್ಲುಕಡ್ಡಿ ಹುಟ್ಟುವುದಿಲ್ಲ. ಕುರಿಗಳು ಬಂಡೆ ಹತ್ತಲು ಒಪ್ಪಲಿಲ್ಲ. ನಾನೂ ಸೀರೆ ಎತ್ತಿ ಕಟ್ಟಿ ಹಿಂದಿನಿಂದ ಹೊಡೆದೆ.

ರಾಯರು ಬದುವಿನಿಂದ ಬದುವಿಗೆ ಓಡುತ್ತ ಬಂದರು. “ಏ ಶಿವರಾಯ! ಹುಚ್ಚು ಹಿಡ್ದದೇನೋ? ಅಲ್ಲೇನದ? ಅಲ್ಲಿ ಕಲ್ಲದ! ಎಲ್ಲಾ ಹಾಳಾಗಿ ಹೋಗ್ತದ!”

ಅಪ್ಪ ಬಂಡೆಯ ಮೇಲೆ ಕಂಬಳಿ ಹಾಸಿದ. ಅಂಗೈಯಿಂದ ನಾಲ್ಕೂ ಕಡೆ ಸವರಿದ. ದೀಪಾವಳಿಯಿಂದ ಬಾಯಿ ತೆರೆಯದವನು ಆಗ ಮಾತಾಡಿದ.

“ಹಾಳಾಗ್ಲಿರಿ. ಇಲ್ಲಿ ಹಾಸಿದ್ರ ಏಳು ಅನ್ನೋರು ಯಾರೂ ಇಲ್ಲ.”

“ದೊರೀಗೆ ಹೇಳ್ತೀನಿ! ಚರ್ಮ ಸುಲಿಸ್ತಾನ ನಿಂದು!”

“ಹೇಳ್ರಿ,” ಎಂದ ಅಪ್ಪ.

ರಾಯರು ಮೊರ ಅಲ್ಲೇ ಬಿಟ್ಟು ಗಡಿಯ ಕಡೆ ಓಡಿದರು. ಜೋಳಕ್ಕೆ ಹಕ್ಕಿ ಬಂದವು. ಕುರಿಗಳು ಕೊನೆಗೆ ಒಂದೊಂದಾಗಿ ಬಂಡೆಯ ಮೇಲೆ ಮಂಡಿ ಊರಿದವು. ಹಿಕ್ಕೆ ಕಲ್ಲಿನ ಮೇಲೆ ಬಿದ್ದು ಟಪಟಪ ಉರುಳಿದವು. ಒಂದು ಹಿಡಿ ಗೊಬ್ಬರ ದಂಡವಾದರೆ ಊಟ ಬಿಡುತ್ತಿದ್ದ ಅಪ್ಪ, ಕೂತು ನೋಡಿದ. ಅವನ ಗಡ್ಡ ಒದ್ದೆಯಾಗಿತ್ತು.

ಅಷ್ಟರಲ್ಲಿ ಊರ ಕಡೆಯಿಂದ ಯಾರೋ ಓಡಿಬರುವುದು ಕಂಡಿತು. ಧರ್ಮ. ಮೊಣಕೈವರೆಗೆ ಸಗಣಿ. ಗಡಿಯಲ್ಲಿ ರಾಯರ ಕೂಗಾಟ ಕೇಳಿಸಿಕೊಂಡಿರಬೇಕು, ಬಾಚುವುದನ್ನು ಹಾಗೇ ಬಿಟ್ಟು ಬಂದಿದ್ದ. ಅವನ ಹಿಂದೆ, ಇನ್ನೂ ದೂರದಲ್ಲಿ, ದೊರೆಯ ಆಳುಗಳು ಬರುತ್ತಿದ್ದರು. ಕೈಯಲ್ಲಿ ಬಡಿಗೆಗಳಿದ್ದವು. ಕಾಕಾ ಬೀರಣ್ಣ ಅವರನ್ನು ನೋಡಿ ಒಂದು ಕ್ಷಣ ನಿಂತ, ಆಮೇಲೆ ತನ್ನ ಕೋಲು ಹಿಡಿದು ನನ್ನ ಪಕ್ಕಕ್ಕೆ ಬಂದ.

ಧರ್ಮ ಬಂಡೆ ಹತ್ತಿ ಬಂದು ಅಪ್ಪನ ಮುಂದೆ ನಿಂತ. ಏದುಸಿರು ಬಿಡುತ್ತಿದ್ದ. ಕೂರಲೋ ಬೇಡವೋ ಎಂದು ತಿಳಿಯದೆ ತನ್ನ ಹೊಲಸು ಕೈಗಳನ್ನು ನೋಡಿಕೊಂಡ. ಅಪ್ಪ ಬಡಿಗೆ ಹಿಡಿದು ಬರುತ್ತಿದ್ದವರ ಕಡೆ ತಿರುಗಿಯೂ ನೋಡಲಿಲ್ಲ. ಕಂಬಳಿಯ ಮೇಲೆ ಒಂದು ಬದಿಗೆ ಸರಿದು, ಅರ್ಧ ಖಾಲಿ ಮಾಡಿ, ಅಲ್ಲಿ ಅಂಗೈ ಇಟ್ಟ.

“ಬಾ, ಮಲಕ್ಕೋ,” ಎಂದ. “ಇಲ್ಲಿ ಜಾಗ ಅದ.”